ಏಡಿಗಂತಿಯ ತಪಾಸಣೆಯೂ ನಮ್ಮ ಸ್ತ್ರೀಯರ ಮೇಲಣ ಅಪವಾದವೂ

"ನಮ್ಮ ಹೆಂಗಸರಿಗೆ ನಾಚಿಕೆ ಹೆಚ್ಚು, ಇಲ್ಲದ ರೋಗವನ್ನು ಹುಡುಕಿಸಿಕೊಳ್ಳಲು ಅವರು ಬರಲಾರರು" ಎಂಬ ಮಾತು ವಿದ್ಯಾವಂತರ ಬಾಯಿಯಿಂದ ಪದೇ ಪದೇ ಕೇಳಬರುತ್ತಿರುವುದಷ್ಟೆ. ಇದಕ್ಕೆ ಆಧಾರವಾಗಿ ಅಂಕಿಯೊಂದನ್ನೂ ತೋರಿಸುವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ 1.9ರಷ್ಟು ಮಾತ್ರ. ಲಜ್ಜಾಸ್ಪದವಾದ ಅಂಕಿಯೇ ಅಹುದು. ಆದರೆ ಈ ಲಜ್ಜೆಯು ಯಾರಿಗೆ ಸಲ್ಲತಕ್ಕದ್ದು?

ನಮ್ಮ ಬೀದರ, ಕಲಬುರ್ಗಿಗಳ ಮಗ್ಗುಲಲ್ಲಿಯೇ ಇರುವ ಉಸ್ಮಾನಾಬಾದ್ ಜಿಲ್ಲೆಯನ್ನು (ಈಗ ಅದು ಧಾರಾಶಿವ) ನೋಡೋಣ. 1999ರಲ್ಲಿ ಮೊದಲಾದ ಪ್ರಯೋಗವೊಂದರಲ್ಲಿ ಅಲ್ಲಿನ ಹಳ್ಳಿಗಳ 1,31,746 ಸ್ತ್ರೀಯರು ಸೇರಿದ್ದರು. ಬರಗಾಲದ ಸೀಮೆ, ಕೂಲಿನಾಲಿಯ ಜನ. ತಪಾಸಣೆಗೆ ಕರೆಯಲ್ಪಟ್ಟವರ ಪೈಕಿ ಐವರಲ್ಲಿ ಸುಮಾರು ನಾಲ್ವರು ಬಂದರು! ಎಚ್.ಪಿ.ವಿ. ಎಂಬ ವೈರಾಣುವಿನ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ್ದರ ಫಲವು 2009ರಲ್ಲಿ ಪ್ರಕಟವಾಯಿತು. ತಪಾಸಣೆಯಿಲ್ಲದ ಗುಂಪಿನಲ್ಲಿ ಈ ರೋಗದಿಂದ 64 ಮಂದಿ ತೀರಿಕೊಂಡಿದ್ದರೆ, ಹೆಚ್ಚುಕಡಮೆ ಅಷ್ಟೇ ದೊಡ್ಡದಾದ ಈ ಗುಂಪಿನಲ್ಲಿ ತೀರಿಕೊಂಡವರು 34. ಒಂದು ಗುಂಪನ್ನು ತಪಾಸಣೆಯಿಲ್ಲದೆ ಬಿಟ್ಟುದು ಧರ್ಮವೇ ಎಂಬ ವಿವಾದವು ತರುವಾಯ ಎದ್ದಿತು; ಆ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣಲಾರೆವು.

ಮುಂಬಯಿಯ ಕೊಳಚೆ ಕೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ನಡೆಯಿಸಿದ ಕಾರ್ಯವು ಇನ್ನೂ ಸರಳವಾದುದು. ಗರ್ಭಕಂಠಕ್ಕೆ ತೆಳುವಾದ ಅಸೆಟಿಕ್ ಆಮ್ಲವನ್ನು, ಅಂದರೆ ಅಡಿಗೆಯ ವಿನೆಗರಿನ ಸತ್ತ್ವವನ್ನೇ, ಹಚ್ಚಿ ಒಂದು ನಿಮಿಷ ಕಾದು ನೋಡುವುದು. ಕೆಟ್ಟ ಭಾಗವು ಬೆಳ್ಳಗೆ ಕಾಣುವುದು. ನೋಡಿದವರು ಡಾಕ್ಟರರಲ್ಲ, ಕೆಲವು ವಾರಗಳ ಶಿಕ್ಷಣ ಪಡೆದ ಹೆಂಗಸರು. ಅಲ್ಲಿ ನೂರಕ್ಕೆ 89 ಮಂದಿ ಪರೀಕ್ಷೆಗೆ ಬಂದರು. ಈ ರೋಗದ ಮರಣಗಳು ನೂರಕ್ಕೆ 31ರಷ್ಟು ಇಳಿದವು.

ಹಾಗಾದರೆ ಭಯವೂ ಸಂಕೋಚವೂ ಇಲ್ಲವೆಂದಲ್ಲ. ಏಡಿಗಂತಿಯೆಂಬ ಹೆಸರನ್ನೆತ್ತಲು ಮುದುಕಿಯರು ಇಂದಿಗೂ ಅಂಜುತ್ತಾರೆ. ಮಗಳ ಲಗ್ನಕ್ಕೆ ಅಡ್ಡಿಯಾದೀತೆಂದು ತಾಯಿಯು ರಕ್ತಸ್ರಾವವನ್ನು ಬಚ್ಚಿಡುತ್ತಾಳೆ. ಗಂಡನ ಅಪ್ಪಣೆಯೂ ಒಂದು ದಿನದ ಕೂಲಿಯೂ ಅಡ್ಡ ಬರುತ್ತವೆ. ಮುಂಬಯಿಯಲ್ಲಿಯೂ ದೋಷ ಕಂಡವರಲ್ಲಿ ಐದನೆಯ ಒಂದು ಪಾಲು ಮುಂದಿನ ಪರೀಕ್ಷೆಗೆ ಬರಲಿಲ್ಲ. ಆದರೆ ಪರಿಚಿತಳಾದ ಹೆಂಗಸು ಮನೆಬಾಗಿಲಿಗೆ ಹೋಗಿ ತಿಳಿಯಹೇಳಿದಲ್ಲಿ ಸಂಕೋಚವು ಬಹುಮಟ್ಟಿಗೆ ಕರಗಿತೆಂಬುದು ನಿರ್ವಿವಾದ.

ಮೂವತ್ತು ದಾಟಿದವರಿಗೆಲ್ಲ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆಯಾಗಬೇಕೆಂದು ಕೇಂದ್ರ ಸರಕಾರವು 2016ರಲ್ಲಿಯೇ ವಿಧಿಸಿತು. ವೈರಾಣು ತಗಲಿದ ಬಳಿಕ ಏಡಿಗಂತಿಯು ಬಲಿಯಲು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಬೇಕು. ಅಷ್ಟು ಕಾಲ ರೋಗವೇ ನಮಗೆ ಅವಕಾಶ ಕೊಡುತ್ತದೆ. ಕಾಗದದ ಮೇಲಣ ಆ ವಿಧಿಯು ಹಳ್ಳಿಯ ಉಪಕೇಂದ್ರಕ್ಕೆ ಇಳಿಯಬೇಕಾದರೆ ಬೇಕಾದುದು ಪರದೆ ಕಟ್ಟಿದ ಒಂದು ಕೋಣೆ, ಕಲಿತ ಒಬ್ಬ ದಾದಿ, ದೋಷ ಕಂಡ ದಿನವೇ ಚಿಕಿತ್ಸೆ ಸಿಕ್ಕುವ ಏರ್ಪಾಡು. ಇಷ್ಟನ್ನು ಒದಗಿಸಿದ ಮೇಲೂ ಅವರು ಬಾರದಿದ್ದರೆ ಆಗ ನಾಚಿಕೆಯ ಮಾತನ್ನಾಡಬಹುದು.