ಕಾಗದವಿಲ್ಲದ ಪತ್ರಿಕೆಗೆ ಬೆಲೆಯೇಕೆ?

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಊರುಗಳಿಗೆ ರೈಲು ನಿಲ್ದಾಣವುಂಟು. ಚಿಂಚೋಳಿ ಪಟ್ಟಣಕ್ಕೆ ಇಲ್ಲ. ಅಚ್ಚಾದ ದಿನಪತ್ರಿಕೆಯು ಅಲ್ಲಿಗೆ ರಸ್ತೆಯ ಮೂಲಕವೇ ಸಾಗಬೇಕು. ಅದರ ಡಿಜಿಟಲ್ ಪ್ರತಿಯಾದರೋ ಐದೂ ಊರುಗಳನ್ನು ಕ್ಷಣಮಾತ್ರದಲ್ಲಿ ಸೇರುವುದು. ಹಾಗಾದರೆ ಅದನ್ನು ಪುಕ್ಕಟೆಯಾಗಿ ಏಕೆ ಕೊಡಬಾರದು?

ಪತ್ರಿಕೆಯ ವೆಚ್ಚವು ಎರಡು ಬಗೆಯದು. ಸುದ್ದಿಯ ಸಂಗ್ರಹ, ಪರಿಶೀಲನೆ, ಸಂಪಾದನೆಗಳ ವೆಚ್ಚವು ಪ್ರತಿಗಳು ಹೆಚ್ಚಿದರೂ ಕುಗ್ಗಿದರೂ ಬದಲಾಗದು. ಇದು ಸ್ಥಿರ ವೆಚ್ಚ. ಕಾಗದ, ಮಸಿ, ಸಾಗಣೆ, ಏಜೆಂಟರ ಕಮಿಷನ್‌ಗಳ ವೆಚ್ಚವು ಪ್ರತಿಗಳೊಡನೆ ಬೆಳೆಯುವುದು; ಇದು ಚರ ವೆಚ್ಚ. ಡಿಜಿಟಲ್ ಪ್ರತಿಯಲ್ಲಿ ಚರ ವೆಚ್ಚವು ಬಹುಮಟ್ಟಿಗೆ ಶೂನ್ಯ. ಸ್ಥಿರ ವೆಚ್ಚವು ಹಾಗೆಯೇ ಉಳಿಯುವುದು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ದಿನದ ಸ್ಥಿರ ವೆಚ್ಚ 20,000 ರೂಪಾಯಿ, ಅಚ್ಚಿನ ಪ್ರತಿಯೊಂದರ ಚರ ವೆಚ್ಚ 8 ರೂಪಾಯಿ ಎಂದಿಟ್ಟುಕೊಳ್ಳೋಣ. ಓದುಗರು 10,000 ಮಂದಿಯಾದರೆ ಅಚ್ಚಿನ ಪ್ರತಿಗೆ 10 ರೂಪಾಯಿ, ಕೇವಲ ಡಿಜಿಟಲ್ ಪ್ರತಿಯಾದರೆ 2 ರೂಪಾಯಿ ಬೀಳುವುದು. ಓದುಗರು 1,000ಕ್ಕೆ ಇಳಿದರೆ ಡಿಜಿಟಲ್ ಪ್ರತಿಗೇ 20 ರೂಪಾಯಿ! ಆದುದರಿಂದ ಡಿಜಿಟಲ್ ಪತ್ರಿಕೆಯ ಬೆಲೆಯನ್ನು ನಿರ್ಣಯಿಸುವುದು ಓದುಗರ ಸಂಖ್ಯೆಯೇ.

ಅಚ್ಚಿನ ಪತ್ರಿಕೆಯನ್ನು ನಾವು ಸಾಮಾನ್ಯವಾಗಿ ಅದರ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಕೊಳ್ಳುತ್ತೇವೆ. ಕೊರತೆಯನ್ನು ಜಾಹೀರಾತು ತುಂಬುವುದು. ಅಂತರಜಾಲದ ಜಾಹೀರಾತಿನ ಹಣದಲ್ಲಿ ದೊಡ್ಡ ಪಾಲು ಗೂಗಲ್, ಮೆಟಾದಂಥ ಸಂಸ್ಥೆಗಳಿಗೆ ಸಲ್ಲುವುದು. ಆಗ ಚಂದಾ ಹಣವೂ ಬಾರದಿದ್ದರೆ ಗತಿಯೇನು? ಚಿಂಚೋಳಿಯಂಥ ತಾಲ್ಲೂಕಿನ ಸುದ್ದಿಗೆ ಓದುಗರು ಕಡಿಮೆ. ಅದನ್ನು ತರುವ ಖರ್ಚು ಕಡಿಮೆಯಲ್ಲ. ಮೊದಲು ನಿಲ್ಲುವ ಸುದ್ದಿ ಅದೇ.