ಮಣ್ಣಿಗೆ ಬಡಿಸಿದ ಚಹಾ

‘ಚಹಾ ಸೋಸಿದ ಚರಟವನ್ನು ಗುಲಾಬಿ ಕುಂಡಕ್ಕೆ ಸುರಿಯುತ್ತೇನೆ. ಗೊಬ್ಬರವಾಗಲು ಎಷ್ಟು ದಿನ ಬೇಕು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ನಗಬೇಡಿ. ಹೆಚ್ಚುಕಡಿಮೆ ಇದೇ ಪ್ರಶ್ನೆ ಹಿಡಿದು ವಿಜ್ಞಾನಿಗಳು ದೇಶದೇಶಗಳ ನೆಲದಲ್ಲಿ ಚಹಾ ಹೂತಿದ್ದಾರೆ.

ಎಲೆ ಕೊಳೆಯುವ ವೇಗ ಅಳೆಯುವುದು ಹಳೆಯ ಕೆಲಸ. ಬಲೆಚೀಲದಲ್ಲಿ ತರಗೆಲೆ ತುಂಬಿ ಹೂಳುವುದು, ಆಗಾಗ ಅಗೆದು ತೂಗುವುದು. ಆದರೆ ಒಬ್ಬರು ಓಕ್ ಎಲೆ ತುಂಬಿದರೆ ಇನ್ನೊಬ್ಬರು ಹುಲ್ಲು ತುಂಬುತ್ತಿದ್ದರು. ಅಂಕಿಅಂಶ ರಾಶಿ ಬಿತ್ತೇ ಹೊರತು ಒಂದಕ್ಕೊಂದು ತಾಳೆಯಾಗಲಿಲ್ಲ. 2013ರಲ್ಲಿ ನೆದರ್‌ಲ್ಯಾಂಡ್ಸಿನ ಯೋಸ್ಟ್ ಕ್ಯೂಸ್ಕಾಂಪ್ ಮತ್ತು ಸಂಗಡಿಗರು ಅಂಗಡಿಯಲ್ಲಿ ಸಿಗುವ ಲಿಪ್ಟನ್ ಟೀ ಬ್ಯಾಗುಗಳನ್ನೇ ಮುಂದಿಟ್ಟರು. ಬ್ಯಾಗಿನ ಕಣ್ಣು ಕಾಲು ಮಿಲಿಮೀಟರ್: ಸೂಕ್ಷ್ಮಜೀವಿಗಳು ನುಸುಳಬಹುದು, ಎರೆಹುಳ ನುಸುಳಲಾರದು. ಒಂದರಲ್ಲಿ ಗ್ರೀನ್ ಟೀ, ಇನ್ನೊಂದರಲ್ಲಿ ದಕ್ಷಿಣ ಆಫ್ರಿಕದ ಪೊದೆಯೊಂದರ ರೂಯಿಬೋಸ್. ತೂಗಿ, 8 ಸೆಂಟಿಮೀಟರ್ ಆಳದಲ್ಲಿ ಹೂತು, ಸುಮಾರು 90 ದಿನ ಬಿಟ್ಟು ತೆಗೆದು, ಒಣಗಿಸಿ ಮತ್ತೆ ತೂಗಿದರಾಯಿತು.

ಎರಡು ಚಹಾ ಯಾಕೆ? ಜಾಣತನವಿರುವುದೇ ಅಲ್ಲಿ. ಒಂದೇ ಪಂಕ್ತಿಗೆ ಎರಡು ಬಾಳೆಎಲೆ ಹಾಕಿದ್ದೀರಿ ಎನ್ನಿ. ಒಂದರಲ್ಲಿ ಅನ್ನ, ನುಗ್ಗೆಕಾಯಿ ಹುಳಿ. ಇನ್ನೊಂದರಲ್ಲಿ ಗಟ್ಟಿ ಕೋಡುಬಳೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿ. ಮೊದಲ ಎಲೆಯಲ್ಲಿ ತಿನ್ನುವಂಥದ್ದೆಲ್ಲ ಖಾಲಿ, ನುಗ್ಗೆ ಸಿಪ್ಪೆ ಮಾತ್ರ ಉಳಿದಿದೆ. ಎರಡನೆಯದರಲ್ಲಿ ಕಡಿತ ಇನ್ನೂ ನಡೆದೇ ಇದೆ; ಎಷ್ಟು ಖರ್ಚಾಗಿದೆ ಎಂದು ನೋಡಿದರೆ ಉಣ್ಣುವ ವೇಗ ತಿಳಿಯುತ್ತದೆ. ಬೇಗ ಕೊಳೆಯುವ ಗ್ರೀನ್ ಟೀ ಉಳಿಕೆಯನ್ನು ಹೇಳುತ್ತದೆ, ನಿಧಾನದ ರೂಯಿಬೋಸ್ ವೇಗವನ್ನು. ಪದೇ ಪದೇ ಅಗೆಯುವ ರಗಳೆಯಿಲ್ಲ.

ಉಣ್ಣುವವರು ಮಣ್ಣಿನ ಬ್ಯಾಕ್ಟೀರಿಯ, ಶಿಲೀಂಧ್ರಗಳು. ಚಳಿಗೆ ಅವು ಮಂಕಾಗುತ್ತವೆ, ಒಣ ಮಣ್ಣಿನಲ್ಲಿ ಉಪವಾಸ ಬೀಳುತ್ತವೆ. ನೀರು ನಿಂತರೆ ಗಾಳಿಯಾಡದೆ ಮತ್ತೆ ನಿಧಾನ. ಅವು ಉಂಡದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ವಾತಾವರಣ, ಗಿಡಮರ ಎರಡರಲ್ಲೂ ಸೇರಿ ಇರುವುದಕ್ಕಿಂತ ಹೆಚ್ಚು ಇಂಗಾಲ ಮಣ್ಣಿನಲ್ಲಿರುವುದರಿಂದ ಈ ಊಟದ ಲೆಕ್ಕ ಹವಾಮಾನದವರಿಗೂ ಬೇಕು.

ನನಗೊಂದು ಗುಮಾನಿ ಇದೆ. ರೂಯಿಬೋಸ್‌ನ ಉಳಿಕೆಯನ್ನು ಈ ವಿಧಾನ ನೇರವಾಗಿ ಅಳೆಯುವುದಿಲ್ಲ, ಗ್ರೀನ್ ಟೀಯದನ್ನು ನೋಡಿ ಅಂದಾಜು ಕಟ್ಟುತ್ತದೆ. ನುಗ್ಗೆ ಸಿಪ್ಪೆ ಎಣಿಸಿ ಕೋಡುಬಳೆ ಎಷ್ಟು ಮಿಕ್ಕೀತು ಎಂದು ಹೇಳಿದ ಹಾಗೆ! ಸಾಲದ್ದಕ್ಕೆ ಮುಂದೆ ಕಂಪನಿ ಬ್ಯಾಗಿನ ಬಟ್ಟೆಯನ್ನೇ ಬದಲಿಸಿತು. ಹಳೆಯ, ಹೊಸ ಅಳತೆಗಳನ್ನು ಕಣ್ಣುಮುಚ್ಚಿ ಕೂಡಿಸುವ ಹಾಗಿಲ್ಲ.

ಇನ್ನು ಗುಲಾಬಿ ಕುಂಡ. ಪ್ರಯೋಗದ್ದು ಕುದಿಸದ ಚಹಾ. ನಿಮ್ಮದರ ಸಾರ ಆಗಲೇ ಲೋಟಕ್ಕಿಳಿದಿದೆ. ಹಾಗಾಗಿ 90 ದಿನದ ಲೆಕ್ಕ ಇಲ್ಲಿ ನಡೆಯದು. ಮೇಲೆ ಸುರಿದರೆ ಒಣಗಿ ಹೆಪ್ಪುಗಟ್ಟುತ್ತದೆ, ಮಣ್ಣು ಕೆದಕಿ ಸೇರಿಸಿ. ಸಕ್ಕರೆ ಹಾಕಿ ಕುದಿಸಿದ್ದಾದರೆ ಮೊದಲು ತೊಳೆಯಿರಿ, ಇರುವೆ ಮುತ್ತುತ್ತದೆ.