ಕೋಳಿ ಕಾವಿಗೆ ಕೂತಿದೆಯಾ? ನೀರಲ್ಲಿ ಮುಳುಗಿಸೋ ಮುಂಚೆ ಇದನ್ನು ಓದಿ

ಕೋಲಾರ: ಮೊನ್ನೆ ಮೊನ್ನೆವರೆಗೆ ಮೊಟ್ಟೆ ಇಡುತ್ತಿದ್ದ ನಾಟಿ ಕೋಳಿ ಇದ್ದಕ್ಕಿದ್ದಂತೆ ಬುಟ್ಟಿ ಬಿಟ್ಟು ಏಳೋದೇ ಇಲ್ಲ. ಕೈ ಹಾಕಿದರೆ ಪುಕ್ಕ ಕೆದರಿಕೊಂಡು ಗುರ್ ಅನ್ನುತ್ತೆ, ಕುಕ್ಕುತ್ತೆ. ಎತ್ತಿ ಹೊರಗೆ ಬಿಟ್ಟರೆ ಎರಡು ಸುತ್ತು ಹಾಕಿ ಮತ್ತೆ ಅದೇ ಮೂಲೆ ಸೇರುತ್ತೆ. ಮೊಟ್ಟೆ ಇಲ್ಲದಿದ್ದರೂ ಬರೀ ಹುಲ್ಲಿನ ಮೇಲೆ ಕೂತಿರುತ್ತೆ. ಬೇಸಿಗೆ ಶುರುವಾದರೆ ಹಳ್ಳಿ ಹಿತ್ತಲಲ್ಲಿ, ಅಂಗಡಿ ಹಿಂದಿನ ಗೂಡಲ್ಲಿ ಇದೇ ಕಥೆ.

ಇದು ರೋಗವೂ ಅಲ್ಲ, ಹಟವೂ ಅಲ್ಲ. ಒಂದು ಸುತ್ತು ಮೊಟ್ಟೆ ಇಟ್ಟು ಮುಗಿದ ಮೇಲೆ ಕೋಳಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಏರುತ್ತೆ. ಅದು ಏರಿದರೆ ಮೊಟ್ಟೆ ಇಡೋದು ನಿಲ್ಲುತ್ತೆ, ಕಾವು ಕೊಡೋ ಆಸೆ ಹುಟ್ಟುತ್ತೆ. ಎದೆ-ಹೊಟ್ಟೆ ಕೆಳಗಿನ ಪುಕ್ಕ ಉದುರಿ ಚರ್ಮ ಬಿಸಿಯಾಗಿರುತ್ತೆ. ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದು, ಗಬಗಬ ಮೇವು ತಿಂದು, ನೀರು ಕುಡಿದು, ದೊಡ್ಡದಾಗಿ ನಾತ ಹೊಡೆಯೋ ಹಿಕ್ಕೆ ಹಾಕಿ ವಾಪಸ್ ಹೋಗುತ್ತೆ. ಆ ನಾತಕ್ಕೆ ಹೆದರಬೇಕಿಲ್ಲ, ಕಾವಿನ ಕೋಳಿ ಹಾಗೇ. ಆದರೆ ಕಣ್ಣು ಮುಚ್ಚಿ ತೂಗಡಿಸುತ್ತಾ, ಮುಟ್ಟಿದರೂ ಸಿಟ್ಟು ಮಾಡದೆ, ಹಸಿರು ಇಲ್ಲವೇ ಬಿಳಿ ನೀರಿನಂಥ ಹಿಕ್ಕೆ ಹಾಕುತ್ತಿದ್ದರೆ ಅದು ಕಾವಲ್ಲ, ಕಾಯಿಲೆ. ಪಶು ಆಸ್ಪತ್ರೆಗೆ ತೋರಿಸಿ.

ಇಲ್ಲಿ ಬಹಳ ಜನ ಮಾಡೋ ತಪ್ಪು ಒಂದೇ: ಏನೂ ಮಾಡದೆ ಬಿಡೋದು. "ಎರಡು ದಿನ ಕೂತು ಎದ್ದೇಳುತ್ತೆ ಬಿಡು" ಅಂತಾರೆ. ಏಳಲ್ಲ. ಮರಿ ಏಳೋಕೆ 21 ದಿನ ಬೇಕು. ಅಡಿಯಲ್ಲಿ ಮೊಟ್ಟೆಯೇ ಇಲ್ಲದಿದ್ದರೆ ಅದಕ್ಕೆ ಲೆಕ್ಕ ಮುಗಿಯೋದೇ ಇಲ್ಲ, ತಿಂಗಳು ದಾಟಿದರೂ ಕೂತಿರಬಹುದು. ಮೈ ಇಳಿಯುತ್ತೆ, ಹೇನು ಹತ್ತುತ್ತೆ. ನಾಲ್ಕು ಕೋಳಿ ಸಾಕಿ ವಾರದ ಸಂತೆಗೆ ಮೊಟ್ಟೆ ಹಾಕೋ ಮನೆಗೆ ಒಂದು ಕೋಳಿ ಹೀಗೆ ಕೂತರೆ ಆದಾಯದ ಕಾಲು ಭಾಗವೇ ಹೋದಂಗೆ. ಹಾಗಾಗಿ ಮರಿ ಮಾಡಿಸೋದಾ, ಕಾವು ಬಿಡಿಸೋದಾ ಅಂತ ಮೊದಲ ದಿನವೇ ತೀರ್ಮಾನ ಮಾಡಿ.

ಕಾವು ಬಿಡಿಸೋಕೆ ನಮ್ಮಲ್ಲಿ ಹಳೇ ಉಪಾಯಗಳಿವೆ. ನೀರಲ್ಲಿ ಮುಳುಗಿಸೋದು, ಮೂಗಿನ ಹೊಳ್ಳೆಗೆ ಪುಕ್ಕ ತೂರಿಸೋದು, ಕಾಲು ಕಟ್ಟಿ ಬಿಸಿಲಲ್ಲಿ ಬಿಡೋದು. ಪುಕ್ಕ ತೂರಿಸಿದರೆ ಹೊಳ್ಳೆ ಗಾಯವಾಗುತ್ತೆ, ಉಸಿರಾಟಕ್ಕೆ ತೊಂದರೆಯಾಗುತ್ತೆ. ಬಿಸಿಲಲ್ಲಿ ಕಟ್ಟಿದ ಕೋಳಿ ಸತ್ತೇ ಹೋಗಬಹುದು. ಇದೆಲ್ಲ ಹಿಂಸೆ, ಬೇಕಾಗೂ ಇಲ್ಲ.

ಬೇಕಾಗಿರೋದು ಹೊಟ್ಟೆ ಕೆಳಗೆ ಗಾಳಿ. ಅಡಿ ಬೆಚ್ಚಗಿದ್ದರೆ ಕಾವು ಮುಂದುವರಿಯುತ್ತೆ, ತಣ್ಣಗಾದರೆ ನಿಲ್ಲುತ್ತೆ. ಕೋಲಾರ ಸೀಮೆಯಲ್ಲಿ ಟೊಮೆಟೊ ಕ್ರೇಟಿಗೇನು ಬರವಿಲ್ಲ. ತಳದಲ್ಲೂ ತೂತಿರೋ ಎರಡು ಕ್ರೇಟ್ ತಗೊಂಡು, ಒಂದರ ಮೇಲೆ ಒಂದು ಬಾಯಿಗೆ ಬಾಯಿ ಕೂರಿಸಿ ಹಗ್ಗ ಕಟ್ಟಿ. ನಾಲ್ಕು ಇಟ್ಟಿಗೆ ಮೇಲೆ, ನೆರಳಲ್ಲಿ, ಬೆಳಕು ಗಾಳಿ ಆಡೋ ಕಡೆ ಇಡಿ. ಒಳಗೆ ಹುಲ್ಲು, ಗೋಣಿ ಏನೂ ಹಾಕಬೇಡಿ. ಮೇವು ನೀರು ಮಾತ್ರ ತಪ್ಪಿಸಬೇಡಿ. ಉಪವಾಸ ಕೆಡವಿದರೆ ಮೊಟ್ಟೆ ಇನ್ನೂ ತಡವಾಗುತ್ತೆ. ರಾತ್ರಿ ನಾಯಿ, ಬೆಕ್ಕು ಮುಟ್ಟದಂತೆ ನೋಡ್ಕೊಳ್ಳಿ. ಮೂರ್ನಾಲ್ಕು ದಿನ ಆದ ಮೇಲೆ ಹೊರಗೆ ಬಿಟ್ಟು ನೋಡಿ. ಬೇರೆ ಕೋಳಿಗಳ ಜೊತೆ ಕೆದಕುತ್ತಾ ಹೋದರೆ ಕಾವು ಬಿಟ್ಟಿದೆ ಅಂತ ಅರ್ಥ, ನೇರ ಬುಟ್ಟಿಗೆ ಓಡಿದರೆ ಇನ್ನೆರಡು ದಿನ ಕ್ರೇಟಲ್ಲೇ ಇರಲಿ. ಮತ್ತೆ ಮೊಟ್ಟೆ ಶುರುವಾಗೋಕೆ ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತೆ. ಕೂತು ಬಹಳ ದಿನ ಆಗಿದ್ದರೆ ಇನ್ನೂ ಹೆಚ್ಚು.

ನಾಟಿ ಮೊಟ್ಟೆ ಇಡೋ ಅಂಗಡಿಯವರಿಗೂ ಇದರಲ್ಲಿ ಕೆಲಸ ಇದೆ. ಗಿರಾಕಿ ಮನೆಗೆ ಹೋಗಿ ಮೊಟ್ಟೆ ಒಡೆದರೆ ಒಳಗೆ ರಕ್ತದ ಎಳೆ, ಕೆಲವು ಸಲ ಅರ್ಧ ಬೆಳೆದ ಮರಿ. ಬೈಸಿಕೊಳ್ಳೋದು ಅಂಗಡಿಯವರು. ಕಾವಿಗೆ ಕೂತ ಕೋಳಿ ಅಡಿಯಿಂದ ದಿನಗಟ್ಟಲೆ ಬಿಟ್ಟು ತೆಗೆದ ಮೊಟ್ಟೆ ಮಾರಾಟಕ್ಕೆ ಬಂದರೆ ಹೀಗಾಗುತ್ತೆ. (ಸಣ್ಣ ರಕ್ತದ ಚುಕ್ಕೆ ಮಾತ್ರ ಇದ್ದರೆ ಅದು ತಾಜಾ ಮೊಟ್ಟೆಯಲ್ಲೂ ಇರಬಹುದು, ಅದು ಬೇರೆ.) ಮೊಟ್ಟೆ ತಂದುಕೊಡೋರಿಗೆ ದಿನಾ ಎತ್ತಿಡೋಕೆ ಹೇಳಿ. ಅನುಮಾನ ಬಂದರೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಹಿಡಿದು ನೋಡಿ. ಜೇಡನ ಕಾಲಿನಂತೆ ಕೆಂಪು ನರ ಕಂಡರೆ ಮಾರಬೇಡಿ.

ಮರಿ ಮಾಡಿಸೋದಾದರೆ ಹಿಂಡಲ್ಲಿ ಹುಂಜ ಇರಲೇಬೇಕು. ಅಂಗಡಿಯ ಫಾರಂ ಮೊಟ್ಟೆ ಇಟ್ಟು 21 ದಿನ ಕಾದವರು ಇದ್ದಾರೆ! ಲೇಯರ್ ಫಾರಂಗಳಲ್ಲಿ ಹುಂಜ ಸಾಕಲ್ಲ, ಆ ಮೊಟ್ಟೆಯಲ್ಲಿ ಮರಿ ಎಲ್ಲಿಂದ ಬರಬೇಕು? ಹೆಬ್ಬಾಳದ ಕೃಷಿ ವಿವಿಯಿಂದ ಬಂದ ಗಿರಿರಾಜ ತಳಿ ತಾನೇ ಕಾವಿಗೆ ಕೂರೋದು ಅಪರೂಪ. ಅದರ ಮೊಟ್ಟೆಯನ್ನು ನಾಟಿ ಕೋಳಿ ಅಡಿ ಇಡಬಹುದು, ಆದರೆ ಹುಟ್ಟೋ ಮರಿ ತಾಯಿ ತಂದೆಯಷ್ಟೇ ಚೆನ್ನಾಗಿ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಒಂದು ವಾರದೊಳಗಿನ, ಬಿರುಕಿಲ್ಲದ ಮೊಟ್ಟೆ ಆರಿಸಿ. ಕೋಳಿ ಗಾತ್ರ ನೋಡಿ 8ರಿಂದ 12 ಸಾಕು. ರೆಕ್ಕೆಯಿಂದ ಆಚೆ ಕಾಣುವಷ್ಟು ಇಟ್ಟರೆ ಅಂಚಿನವು ತಣ್ಣಗಾಗಿ ಕೆಡುತ್ತವೆ. ಎಲ್ಲವನ್ನೂ ಒಂದೇ ದಿನ ಇಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಇಲ್ಲದಿದ್ದರೆ ಬೇರೆ ಕೋಳಿ ಬಂದು ಅದೇ ಬುಟ್ಟಿಗೆ ಮೊಟ್ಟೆ ಇಟ್ಟು ಹೋಗುತ್ತೆ, ಯಾವುದು ಹೊಸದು ಯಾವುದು ಹಳೇದು ಗೊತ್ತಾಗಲ್ಲ. ಕೋಳಿಯನ್ನು ಬೇರೆ ಕಡೆ ಕೂರಿಸೋದಿದ್ದರೆ ರಾತ್ರಿ ಹೊತ್ತು ಎತ್ತಿಡಿ, ಹಗಲಲ್ಲಿ ಎತ್ತಿದರೆ ಹಳೇ ಜಾಗಕ್ಕೇ ಓಡುತ್ತೆ. ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ಬುಟ್ಟಿಗೆ ಕಬ್ಬಿಣದ ಚೂರು, ಇದ್ದಿಲು ಹಾಕೋರು ಈಗಲೂ ಇದ್ದಾರೆ. ಹಾಕಿದರೆ ನಷ್ಟವೇನಿಲ್ಲ. ಆದರೆ ಮೊಟ್ಟೆ ಹಳೇದಾಗಿದ್ದರೆ ಯಾವ ಕಬ್ಬಿಣವೂ ಕಾಯಲ್ಲ.

ಏಳನೇ ರಾತ್ರಿ ಅದೇ ಟಾರ್ಚ್ ಹಿಡಿದು ನೋಡಿ. ನರ ಕಾಣದ ಮೊಟ್ಟೆಯನ್ನು ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವೂ ಹಾಳು. 18ನೇ ದಿನದಿಂದ ಮಾತ್ರ ಬುಟ್ಟಿಗೆ ಕೈ ಹಾಕಬೇಡಿ.

ಮರಿ ಎದ್ದ ಮೇಲೆ ಹದ್ದು, ಕಾಗೆ, ಮುಂಗುಸಿ ಕಾಟ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡದು ಕೊಕ್ಕರೆ ರೋಗ, ಬಂದರೆ ಹಿಂಡಿಗೆ ಹಿಂಡೇ ಖಾಲಿ. ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಹಾಕಿಸಬೇಕು. ತೊಡಕೇನಂದ್ರೆ ಒಂದು ಬಾಟಲಿ ನೂರಾರು ಮರಿಗೆ ಆಗೋವಷ್ಟಿರುತ್ತೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗೆ ಅಂತ ಒಬ್ಬರೇ ಬಾಟಲಿ ತಂದರೆ ಉಳಿದದ್ದೆಲ್ಲ ಚೆಲ್ಲಬೇಕಾಗುತ್ತೆ. ಬೀದಿಯಲ್ಲಿ ಯಾರ್ಯಾರ ಮನೆ ಕೋಳಿ ಕಾವಿಗೆ ಕೂತಿದೆ ಅಂತ ಈಗಲೇ ವಿಚಾರಿಸಿ, ಸಾಧ್ಯವಾದರೆ ಒಂದೇ ವಾರದಲ್ಲಿ ಮೊಟ್ಟೆ ಇಡಿ. ಆಮೇಲೆ ಎಲ್ಲರ ಮರಿ ಸೇರಿಸಿ ಪಶು ಆಸ್ಪತ್ರೆಯಲ್ಲಿ ಒಂದು ದಿನ ಕೇಳಿಕೊಂಡು ಹೋದರೆ ಒಂದೇ ಬಾಟಲಿಯಲ್ಲಿ ಕೆಲಸ ಮುಗಿಯುತ್ತೆ.